ಬೆಲೆ ತೆತ್ತು ಪಡೆದ ಸುಖಾಂತ
ಇ. ಎಂ. ಫಾರ್ಸ್ಟರ್ ‘ಮಾರಿಸ್’ ಕಾದಂಬರಿ ಬರೆದದ್ದು 1913-14ರಲ್ಲಿ. ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಗಂಡಸರಿಬ್ಬರ ಪ್ರೇಮಕ್ಕೆ ಜೈಲು ಕಾದಿದ್ದ ಇಂಗ್ಲೆಂಡಿನಲ್ಲಿ ಕಥೆ ಸುಖವಾಗಿಯೇ ಮುಗಿಯಬೇಕೆಂಬ ಹಟ ಅವರದು. ಆದರೆ ಆ ಸುಖವನ್ನು ಪುಕ್ಕಟೆ ಕೊಡುವುದಿಲ್ಲ. ನಾಯಕ ಮಾರಿಸ್‌ನನ್ನು ಕೇಂಬ್ರಿಡ್ಜ್ ಗೆಳೆಯ ಕ್ಲೈವ್ ಕೈಬಿಟ್ಟು ಮದುವೆಯಾಗುತ್ತಾನೆ; ಮಾರಿಸ್ ‘ವಾಸಿ’ಯಾಗಲು ಸಂಮೋಹನಕಾರನ ಬಾಗಿಲು ತಟ್ಟುತ್ತಾನೆ. ನನಗೆ ಎಲ್ಲಕ್ಕಿಂತ ಇಷ್ಟ ಬ್ರಿಟಿಷ್ ಮ್ಯೂಸಿಯಂ ಪ್ರಸಂಗ. ಕ್ಲೈವ್‌ನ ಎಸ್ಟೇಟಿನ ಬೇಟೆಕಾವಲುಗಾರ ಅಲೆಕ್ ಮಾರಿಸ್‌ನನ್ನು ಬೆದರಿಸಲೆಂದೇ ಬಂದಿದ್ದಾನೆ; ಹೆದರಿಕೆ, ಮೇಲುಕೀಳಿನ ಸಿಟ್ಟು, ಆಸೆ ಎಲ್ಲವೂ ಒಂದೇ ಮಾತುಕತೆಯಲ್ಲಿ ಕಲಸಿಹೋಗುತ್ತವೆ. ಜಗಳವೇ ಪ್ರಣಯವಾಗುವ ಇಂಥ ಪುಟಗಳು ಅಪರೂಪ. ಕೊನೆಗೆ ಅಲೆಕ್ ಅರ್ಜೆಂಟೀನಾದ ಹಡಗು ಹತ್ತುವುದಿಲ್ಲ, ಮಾರಿಸ್ ಷೇರು ದಲ್ಲಾಳಿಯ ಬದುಕನ್ನೇ ಬಿಡುತ್ತಾನೆ. ಅವಸರದ ಮುಕ್ತಾಯವೆಂದು ಗೊಣಗುವವರಿರಬಹುದು. ನನಗೇನೋ ಇಬ್ಬರೂ ತೆತ್ತದ್ದು ಸಾಕೆನಿಸುತ್ತದೆ.