ಗರಸಿನ ಹಾದಿಯ ಹಾಡು

ಹೆಂಗಸರ ಹಾಡನ್ನು ಕುರಿತು ಬರೆಯುವಾಗ ನಮ್ಮ ವಿಮರ್ಶಕರಿಗೆ ಒಂದು ಮಾತು ಬಲು ರೂಢಿಯಾಗಿಬಿಟ್ಟಿದೆ: ಇದು ಹೃದಯದಿಂದ ತಾನಾಗಿ ಹೊಮ್ಮಿದ್ದು. ಹೊಗಳಿಕೆಯಂತೆ ಕೇಳಿಸುವ ಈ ಮಾತಿನ ಒಳಗೆ ಒಂದು ತಾತ್ಸಾರವಿದೆ. ಕವಿ ಪದವನ್ನು ಆಯ್ದು, ತಿದ್ದಿ, ತೂಗಿ ಬರೆಯುತ್ತಾನೆ. ಹೆಂಗಸು ಅತ್ತಳು, ಅದು ಹಾಡಾಯಿತು! ಈ ಎಣಿಕೆ ಎಷ್ಟು ಪೊಳ್ಳೆಂಬುದು ಈಚೆಗೆ ನನಗೆ ಮನವರಿಕೆಯಾದದ್ದು ಅಮೇರಿಕದ ಗಾಯಕಿಯೊಬ್ಬರ ಧ್ವನಿಮುದ್ರಿಕೆಯಿಂದ. ಅದನ್ನು ಕೇಳಿದ ಮೇಲೆ ನಮ್ಮ ಬೀಸುಕಲ್ಲಿನ ಹಾಡಿಗೂ ನಾನು ಮಾಡಿದ ಅನ್ಯಾಯ ನೆನಪಾಯಿತು.

ಮುದ್ರಿಕೆಯ ಹೆಸರು ‘ಕಾರ್ ವ್ಹೀಲ್ಸ್ ಆನ್ ಎ ಗ್ರ್ಯಾವೆಲ್ ರೋಡ್’. ನಮ್ಮ ಮಾತಿನಲ್ಲಿ ಗರಸಿನ ಹಾದಿಯ ಮೇಲೆ ಗಾಲಿಯ ಸಪ್ಪಳ ಎನ್ನಬಹುದು. ಹಾಡಿದವರು ಲೂಸಿಂಡಾ ವಿಲಿಯಮ್ಸ್. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಕಳಿಸಿಕೊಟ್ಟಿದ್ದ. ಗದಗಿನಿಂದ ಮುಂಡರಗಿಗೆ ಹೊರಟ ಬಸ್ಸಿನಲ್ಲಿ ಕುಳಿತು ಕಿವಿಗೊಟ್ಟೆ. ಗದಗಿನವರಾದ ನಮಗೆ ಕಂಠದ ವಿಷಯದಲ್ಲಿ ತುಸು ಸೊಕ್ಕು ಉಂಟು. ವೀರೇಶ್ವರ ಪುಣ್ಯಾಶ್ರಮದ ಸಂಗೀತವನ್ನು ಕೇಳಿ ಬೆಳೆದ ಕಿವಿ. ಭೀಮಸೇನ ಜೋಶಿಯವರು ನಮ್ಮ ಸೀಮೆಯವರೆಂಬ ಹೆಮ್ಮೆ. ಈ ಕಿವಿಗೆ ಲೂಸಿಂಡಾ ಅವರ ಧ್ವನಿ ಮೊದಲು ಒಗ್ಗಲಿಲ್ಲ. ಅಂಚು ಹರಿದ ಸೀರೆಯಂಥ ಧ್ವನಿ ಅದು. ಶಬ್ದಗಳು ಎಳೆದಂತೆ, ಅರ್ಧಕ್ಕೆ ಬಿಟ್ಟಂತೆ ಬರುತ್ತವೆ. ಡಂಬಳ ದಾಟುವ ಹೊತ್ತಿಗೆ ಮಾತ್ರ ಒಂದು ಸಂಗತಿ ಹೊಳೆಯಿತು. ಈ ಧ್ವನಿಯನ್ನು ನಾನು ಹಿಂದೆ ಕೇಳಿದ್ದೇನೆ. ನಸುಕಿನಲ್ಲಿ, ಕಲ್ಲಿನ ಮುಂದೆ.

ಲೂಸಿಂಡಾ ಹುಟ್ಟಿದ್ದು 1953ರಲ್ಲಿ, ಲೂಯಿಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್ ಎಂಬ ಊರಿನಲ್ಲಿ. ತಂದೆ ಮಿಲ್ಲರ್ ವಿಲಿಯಮ್ಸ್ ಕವಿ, ಅಧ್ಯಾಪಕ. ನೌಕರಿಗಾಗಿ ಊರಿಂದೂರಿಗೆ ತಿರುಗಿದವರು. 1998ರಲ್ಲಿ ಹೊರಬಂದ ಈ ಮುದ್ರಿಕೆಯಲ್ಲಿ 13 ಹಾಡುಗಳಿವೆ. ಒಂದು ಪರರದು, ಇನ್ನೊಂದು ಜೊತೆಗೂಡಿ ಬರೆದದ್ದು, ಉಳಿದವೆಲ್ಲ ಆಕೆಯವೇ. ಈ ಬಗೆಯ ಸಂಗೀತವನ್ನು ಅವರು ರೂಟ್ಸ್ ರಾಕ್ ಎನ್ನುತ್ತಾರೆ. ಹಳ್ಳಿಗರ ಕಂಟ್ರಿ ಹಾಡು, ಕಪ್ಪುಜನರ ಬ್ಲೂಸ್, ಜನಪದ ಗೀತ ಇವುಗಳ ಬೇರಿನಿಂದ ನೀರುಂಡು, ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ಜೊತೆಯಲ್ಲಿ ಬೆಳೆದದ್ದು.

ಕೇಳಿದರೆ ಒಂದೇ ರಾತ್ರಿಯಲ್ಲಿ ಅಳುತ್ತ ಹಾಡಿ ಮುಗಿಸಿದಂತಿದೆ. ನಿಜಸಂಗತಿ ಬೇರೆ. ಹಿಂದಿನ ಮುದ್ರಿಕೆ ಬಂದದ್ದು 1992ರಲ್ಲಿ. ಇದಕ್ಕೂ ಅದಕ್ಕೂ ನಡುವೆ ಆರು ವರ್ಷ. ಮೊದಲು ಆಸ್ಟಿನ್ ನಗರದಲ್ಲಿ ಹಳೆಯ ಜೊತೆಗಾರ ಗರ್ಫ್ ಮಾರ್ಲಿಕ್ಸರೊಡನೆ ಹಾಡಿದರು, ಸಮಾಧಾನವಾಗಲಿಲ್ಲ. ನ್ಯಾಶ್‌ವಿಲ್ಲಿನಲ್ಲಿ ಸ್ಟೀವ್ ಅರ್ಲ್ ಅವರೊಡನೆ ಮತ್ತೆ ಹಾಡಿದರು. ಕೊನೆಗೆ ಲಾಸ್ ಏಂಜಲಿಸಿನಲ್ಲಿ ರಾಯ್ ಬಿಟ್ಟನ್ ಅವರ ನೆರವಿನಿಂದ ಕೆಲಸ ಮುಗಿಯಿತು. ಹಸಿಯಾಗಿ ಕೇಳಿಸುವುದಕ್ಕೆ ಇಷ್ಟು ಪಾಕವೇ ಎಂದು ಯಾರಾದರೂ ನಕ್ಕಾರು. ಆದರೆ ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂದು ಹೇಳಿದ ನಮ್ಮ ಮೀಮಾಂಸಕರು ಶ್ಲೋಕವೆಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ಶೋಕ ಎಲ್ಲರಿಗೂ ಬರುತ್ತದೆ. ಅದಕ್ಕೆ ಪಾದ, ಲಯ, ನಿಲುಗಡೆ ಕೊಡುವವರು ಕೆಲವರೇ.

ಶೀರ್ಷಿಕೆಯ ಹಾಡನ್ನೇ ನೋಡಿ. ಅಡಿಗೆಮನೆ, ರೇಡಿಯೋ, ತಿಂಡಿಯ ವಾಸನೆ, ಕಾರಿನ ಹಿಂದಿನ ಆಸನದಲ್ಲಿ ಕುಳಿತ ಕೂಸು. ಪ್ರತಿ ನುಡಿಯ ಕೊನೆಗೆ ಗಾಲಿಯ ಸಪ್ಪಳ. ‘ನನಗೆ ದುಃಖವಾಯಿತು’ ಎಂದು ಎಲ್ಲಿಯೂ ಹೇಳುವುದಿಲ್ಲ. ದೊಡ್ಡವರ ನಡುವೆ ಏನೋ ಕೆಟ್ಟಿದೆ. ಏನೆಂಬುದು ಕೂಸಿಗೆ ತಿಳಿಯದು, ನಮಗೂ ತಿಳಿಸುವುದಿಲ್ಲ. ಈ ಹಾಡನ್ನು ಕೇಳಿದ ತಂದೆ ಮಗಳ ಬಳಿ ಬಂದು ಕ್ಷಮೆ ಕೇಳಿದರಂತೆ. ಆ ಕೂಸು ತಾನೇ ಎಂಬುದು ಅವರು ಹೇಳುವವರೆಗೆ ತನಗೆ ಹೊಳೆದಿರಲಿಲ್ಲವೆಂದು ಲೂಸಿಂಡಾ ಹೇಳಿಕೊಂಡಿದ್ದಾರೆ. ಆಯ್ದು ಕಟ್ಟಿದ ಹಾಡು ಕಟ್ಟಿದವಳಿಗಿಂತ ಹೆಚ್ಚು ಬಲ್ಲುದು.

ಇನ್ನೊಂದು ಗುಣ ಊರುಗಳ ಹೆಸರು. ಲೇಕ್ ಚಾರ್ಲ್ಸ್, ಗ್ರೀನ್‌ವಿಲ್, ಜ್ಯಾಕ್ಸನ್ ಎಂಬವು ಹಾಡುಗಳ ಹೆಸರುಗಳೇ ಆಗಿವೆ. ಕೊನೆಯ ಹಾಡಿನಲ್ಲಿ ಆಕೆ ಒಂದೊಂದು ಊರನ್ನೂ ಹೆಸರಿಸಿ, ಅಲ್ಲಿ ಮುಟ್ಟಿದ ಮೇಲೆ ನಿನ್ನ ನೆನಪು ಕಾಡದು ಎನ್ನುತ್ತಾರೆ. ಊರು ಹೆಚ್ಚಿದಷ್ಟೂ ಆ ಮಾತು ಸುಳ್ಳೆಂಬುದು ನಮಗೆ ಖಚಿತವಾಗುತ್ತದೆ. ‘ಜಾಯ್’ ಎಂಬ ಹಾಡಿನಲ್ಲಿ ತನ್ನಿಂದ ಕಸಿದುಕೊಂಡ ಸಂತೋಷವನ್ನು ತಿರುಗಿ ಕೊಡೆಂದು ಜಗಳಕ್ಕೆ ನಿಲ್ಲುತ್ತಾರೆ. ಅದನ್ನು ಹುಡುಕಲು ಊರೂರಿಗೆ ಹೊರಡುತ್ತಾರೆ. ಮೊದಲನೆಯ ಹಾಡಾದರೋ ಒಂಟಿ ಹೆಣ್ಣಿನ ದೇಹದ ಬಯಕೆಯನ್ನು ಮುಚ್ಚುಮರೆಯಿಲ್ಲದೆ ನುಡಿಯುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರೆದುರು ಕೇಳುವುದಕ್ಕೆ ಸಂಕೋಚವಾದೀತು. ಆದರೆ ಅದರಲ್ಲಿ ಅಶ್ಲೀಲ ಎನ್ನುವಂಥದೊಂದೂ ಇಲ್ಲ.

ಎಲ್ಲ ಹಾಡೂ ಒಂದೇ ತೂಕದವಲ್ಲ. ‘ಕಾಂಟ್ ಲೆಟ್ ಗೋ’ ಪರರ ರಚನೆ. ಚೆನ್ನಾಗಿ ಓಡುತ್ತದೆ, ಆದರೂ ಬೀಗರ ಮನೆಗೆ ಬಂದ ಅತಿಥಿಯಂತೆ ಹೊರಗಿನದಾಗಿಯೇ ಉಳಿಯುತ್ತದೆ. ಮೂರನೆಯ ಹಾಡಿನಲ್ಲಿ ಚಿತ್ರಗಳು ಹೆಚ್ಚಾಗಿ ಪಟ್ಟಿಯಂತಾಗಿವೆ. ಆದರೆ 1989ರಲ್ಲಿ ಗುಂಡೇಟಿಗೆ ಬಲಿಯಾದ ಹಾಡುಗಾರ ಬ್ಲೇಜ್ ಫೋಲಿಯನ್ನು ಕುರಿತ ‘ಡ್ರಂಕನ್ ಏಂಜಲ್’ ಗೀತದಲ್ಲಿ ಬೈಗುಳವೂ ಮಮತೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಸತ್ತವನನ್ನು ದೇವರನ್ನಾಗಿ ಮಾಡುವುದಿಲ್ಲ. 1999ರಲ್ಲಿ ಈ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಸಮಕಾಲೀನ ಜಾನಪದದ ವಿಭಾಗದಲ್ಲಿ ಎಂಬುದನ್ನೂ ನೆನೆಯಬೇಕು.

ಜಾನಪದವೆಂದ ಕೂಡಲೆ ನಮ್ಮ ಕಡೆಯವರಿಗೆ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ನೆನಪಾಗದೆ ಇರದು. ಆ ಉಪಕಾರ ದೊಡ್ಡದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ತ್ರಿಪದಿಯನ್ನು ಓದುಬರಹ ಅರಿಯದ ತಾಯಂದಿರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂಬುದು ಅದರಿಂದ ಲೋಕಕ್ಕೆ ತಿಳಿಯಿತು. ಮೂರೇ ಸಾಲಿನೊಳಗೆ ತವರು, ಸವತಿ, ತೊಟ್ಟಿಲು, ಬಂಜೆತನ. ಇದು ತಾನಾಗಿ ಹೊಮ್ಮಿದ್ದಲ್ಲ. ತಲೆಮಾರುಗಳು ಕಲ್ಲಿನ ಸುತ್ತಿಗೆ ತಾಳ ಹೊಂದಿಸಿ ತಿದ್ದಿದ್ದು. ತಪ್ಪು ಸಂಗ್ರಹಕಾರರದಲ್ಲ, ಓದುಗರಾದ ನಮ್ಮದು. ‘ಗರತಿ’ ಎಂಬ ಮಾತನ್ನು ನಾವು ಜರಡಿಯನ್ನಾಗಿ ಮಾಡಿಕೊಂಡೆವು. ಅದರಲ್ಲಿ ಸೋಸಿ ಬಂದದ್ದಷ್ಟೇ ಹಾಡು, ಉಳಿದದ್ದು ಕಸ!

ಈ ಕೆಲಸವನ್ನು ನಾನೂ ಮಾಡಿದ್ದೇನೆ. ನನ್ನ ಸೋದರತ್ತೆಯ ತವರು ಲಕ್ಷ್ಮೇಶ್ವರ. ಕೊಟ್ಟದ್ದು ಶಿರಹಟ್ಟಿ ದಾಟಿ ಮುಂಡರಗಿಯ ಕಡೆಯ ಹಳ್ಳಿಗೆ. ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಆಕೆಗೆ ಹಾಡು ಮರೆತಿರಲಿಲ್ಲ. ಎಂ.ಎ. ಓದುವಾಗ ನೋಟುಬುಕ್ಕು ಹಿಡಿದು ಹೋಗಿ ಬರೆದುಕೊಂಡೆ. ಒಂದು ಹಾಡಿನಲ್ಲಿ ತವರಿನ ಹಾದಿಯ ಊರುಗಳನ್ನು ಒಂದೊಂದಾಗಿ ಎಣಿಸಿ, ಬರಗಾಲದಲ್ಲಿ ಕೂಸಿನೊಡನೆ ತನ್ನನ್ನು ಬಿಟ್ಟುಹೋದ ಗಂಡನಿಗೆ ಶಾಪ ಹಾಕಿದ್ದಳು. ಕಾಲೇಜಿನ ಸಂಚಿಕೆಗೆ ಇದು ಒಪ್ಪದೆಂದು ನಾನು ಶಾಪವನ್ನು ಬೇಡಿಕೆಯನ್ನಾಗಿ ತಿದ್ದಿದೆ. ಮಾತ್ರೆ ಕೆಡಲಿಲ್ಲ, ಪ್ರಾಸವೂ ಕೂಡಿತು. ಅಚ್ಚಾದದ್ದನ್ನು ಓದಿ ಹೇಳಿದಾಗ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಚಂದ ಆಗೇತಿ ತಮ್ಮಾ. ಆದರ ಇದು ನಂದಲ್ಲ” ಎಂದಳು.

ಆಗ ನಾನು ನಕ್ಕುಬಿಟ್ಟೆ. ಆಕೆ ಈಗ ಇಲ್ಲ. ನೋಟುಬುಕ್ಕೂ ಇಲ್ಲ; ಉಳಿದದ್ದು ನನ್ನ ತಿದ್ದುಪಡಿ ಮಾತ್ರ. ಮಿಲ್ಲರ್ ವಿಲಿಯಮ್ಸರಿಗೆ ಮಗಳ ಹಾಡು ಕೇಳಿದ ಹೊತ್ತಿಗೇ ಕ್ಷಮೆ ಕೇಳುವ ಬುದ್ಧಿ ಬಂತು. ನನಗೆ ಬಂದದ್ದು ಇಷ್ಟು ತಡವಾಗಿ, ಮುಂಡರಗಿಯ ಬಸ್ಸಿನಲ್ಲಿ.

ನಮ್ಮ ನಾಲ್ಕು ತಾಲೂಕಿನಲ್ಲಿ ಹಾಡು ಬಲ್ಲ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಈಗ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ನೋಟುಬುಕ್ಕಿನ ಬದಲು ಧ್ವನಿ ಹಿಡಿಯುವ ಯಂತ್ರವೇ ಇದೆ. ಹೋಗಿ ಕೇಳಲಿ. ಶಾಪ ಬಂದರೆ ಶಾಪವನ್ನೇ ಹಿಡಿಯಲಿ, ಧ್ವನಿ ಒಡೆದರೆ ಒಡೆದ ಹಾಗೆಯೇ ಇರಲಿ. ತಿದ್ದುವ ಕೆಲಸವನ್ನು ಹಾಡಿದವಳು ಆಗಲೇ ಮಾಡಿ ಮುಗಿಸಿದ್ದಾಳೆ.