ಹದಿನೈದು ಮಾರ್ತಿಗಳ ಮುಂದೆ

ಕ್ಯೂಬಾದ ಕಲಾವಿದ ರಾವುಲ್ ಮಾರ್ತಿನೆಸ್ 1966ರಲ್ಲಿ ಬರೆದ ಒಂದು ಚಿತ್ರದ ಹೆಸರು ‘ಮಾರ್ತಿಯ ಹದಿನೈದು ಪುನರಾವರ್ತನೆಗಳು’. ಹೆಸರು ಹೇಳುವುದೇ ಚಿತ್ರದಲ್ಲೂ ಇದೆ. ಕ್ಯಾನ್ವಾಸನ್ನು ಚೌಕಗಳಾಗಿ ಭಾಗ ಮಾಡಿ, ಒಂದೊಂದರಲ್ಲೂ ಹೊಸೆ ಮಾರ್ತಿಯ ಮುಖ ಬರೆದಿದ್ದಾರೆ. ಅದೇ ಅಗಲ ಹಣೆ, ಅದೇ ದಪ್ಪ ಮೀಸೆ. ಬಣ್ಣಗಳು ಬೇರೆ ಬೇರೆ. ಎರಡು ವರ್ಷದ ಹಿಂದೆ ಒಂದು ಸೆಮಿನಾರಿಗೆ ಪ್ರಬಂಧ ಸಿದ್ಧಪಡಿಸುವಾಗ ಈ ಚಿತ್ರದ ಬಗ್ಗೆ ನಾನು ಬಹಳ ಧೈರ್ಯದಿಂದ ಒಂದು ವಾಕ್ಯ ಬರೆದಿದ್ದೆ: ‘ಇದು ಪ್ರಭುತ್ವದ ವೀರಾರಾಧನೆಯ ಒಳಗೇ ಕೂತು ಅದನ್ನು ಅಣಕಿಸುವ ಚಿತ್ರ.’ ಕರಡು ಓದಿದ ನನ್ನ ಮಾರ್ಗದರ್ಶಕರು ಚಿತ್ರದ ಪ್ರತಿಯನ್ನು ಮುಂದಿಟ್ಟು, ‘ಅಣಕ ಎಲ್ಲಿದೆ, ಬೆರಳಿಟ್ಟು ತೋರಿಸಮ್ಮ ನೋಡೋಣ’ ಎಂದರು. ತೋರಿಸಲು ನನ್ನಿಂದ ಆಗಲಿಲ್ಲ. ಆ ವಾಕ್ಯವನ್ನು ಯಾಕೆ ಕೈಬಿಟ್ಟೆ ಎಂಬುದನ್ನು ಇಲ್ಲಿ ಹೇಳಬೇಕು.

ಮಾರ್ತಿನೆಸ್ ಹುಟ್ಟಿದ್ದು 1927ರಲ್ಲಿ, ಸಿಯೆಗೊ ದೆ ಆವಿಲಾದಲ್ಲಿ. ಹವಾನಾದ ಸಾನ್ ಅಲೆಹಾಂದ್ರೊ ಕಲಾಶಾಲೆಯಲ್ಲಿ ಕಲಿತರು. 1950ರ ದಶಕದ ಆರಂಭದಲ್ಲಿ ಷಿಕಾಗೊಗೆ ಹೋಗಿ ವಿನ್ಯಾಸ ಕಲೆಯನ್ನು ಅಭ್ಯಾಸ ಮಾಡಿ ಬಂದರು. ‘ಲೋಸ್ ಓನ್ಸೆ’, ಅಂದರೆ ‘ಹನ್ನೊಂದು ಮಂದಿ’ ಎಂಬ ಗುಂಪಿನ ಜೊತೆ ಸೇರಿ ಅಮೂರ್ತ ಚಿತ್ರಗಳನ್ನು ಬರೆದರು. ಹೊಟ್ಟೆಪಾಡಿಗೆ ಜಾಹೀರಾತಿನ ಕೆಲಸವಿತ್ತು. 1959ರ ಕ್ರಾಂತಿಯ ನಂತರ ‘ಲೂನೆಸ್ ದೆ ರೆವೊಲುಸಿಯೋನ್’ ಎಂಬ ಸಾಹಿತ್ಯ ಪುರವಣಿಗೆ ವಿನ್ಯಾಸ ಮಾಡಿದರು. ಅಮೂರ್ತವನ್ನು ಬಿಟ್ಟು ಮುಖಗಳ ಕಡೆಗೆ ತಿರುಗಿದ್ದು 1960ರ ದಶಕದ ನಡುವಿನಲ್ಲಿ.

ಪಾಪ್ ಆರ್ಟ್ ಎಂದ ಕೂಡಲೇ ನಮಗೆ ನೆನಪಾಗುವುದು ಆಂಡಿ ವಾರ್ಹೋಲ್. ಅವರೂ ಜಾಹೀರಾತಿನ ಲೋಕದಿಂದಲೇ ಬಂದವರು. 1962ರಲ್ಲಿ ಮರ್ಲಿನ್ ಮನ್ರೊ ತೀರಿಕೊಂಡ ಮೇಲೆ, ಸಿನಿಮಾ ಪ್ರಚಾರದ ಒಂದು ಫೋಟೊವನ್ನು ಸಿಲ್ಕ್ ಸ್ಕ್ರೀನ್ ಮೂಲಕ ಮತ್ತೆ ಮತ್ತೆ ಅಚ್ಚೊತ್ತಿದರು. ಅಂಗಡಿಯ ಸರಕಿನಂತೆ ನಟಿಯ ಮುಖವೂ ಸಾಲುಸಾಲಾಗಿ ನಿಂತಿತು. ಇದೇ ಅಳತೆಗೋಲನ್ನು ಹಿಡಿದು ನಾನು ಹವಾನಾಕ್ಕೆ ಹೋದದ್ದೇ ಮೊದಲ ತಪ್ಪು. ಕ್ರಾಂತಿಯ ನಂತರದ ಕ್ಯೂಬಾದಲ್ಲಿ ವ್ಯಾಪಾರದ ಜಾಹೀರಾತುಗಳೇ ಮರೆಯಾಗಿದ್ದವು. ಅಲ್ಲಿ ಎಲ್ಲರ ಕಣ್ಣಿಗೆ ದಿನವೂ ಬೀಳುತ್ತಿದ್ದದ್ದು ಶಾಲೆಗಳಲ್ಲಿರುವ ಮಾರ್ತಿಯ ಎದೆಮಟ್ಟದ ಪ್ರತಿಮೆ, ಗೋಡೆಯ ಘೋಷಣೆಗಳು, ಚಿತ್ರಕಲೆ ಕಲಿಯದ ಜನ ತಮ್ಮ ತಮ್ಮ ಕೇರಿಗಳಲ್ಲಿ ಬರೆದ ನಾಯಕರ ಮುಖಗಳು. ಮಾರ್ತಿ ಕವಿ, 1895ರಲ್ಲಿ ಸ್ವಾತಂತ್ರ್ಯದ ಯುದ್ಧದಲ್ಲಿ ಸತ್ತವರು. ಕ್ರಾಂತಿಗೂ ಮುಂಚಿನಿಂದ ಅವರು ಇಡೀ ದೇಶಕ್ಕೆ ಸೇರಿದ ಆಸ್ತಿ. ಮಾರ್ತಿನೆಸ್ ಅವರ ಪಾಪ್ ಚಿತ್ರಗಳ ಮೂಲದ್ರವ್ಯ ಇದು. ಅಂಗಡಿಯಲ್ಲಿ ಕಾಣುವ ಮುಖಕ್ಕೂ ಶಾಲೆಯಲ್ಲಿ ಕಾಣುವ ಮುಖಕ್ಕೂ ನಾವು ಕೊಡುವ ನೋಟ ಒಂದೇ ಅಲ್ಲ.

ಇನ್ನೊಂದು ಸಂಗತಿಯನ್ನೂ ನಾನು ಗಮನಿಸಿರಲಿಲ್ಲ. ಸಿಲ್ಕ್ ಸ್ಕ್ರೀನ್ ಮಾರ್ತಿನೆಸ್‌ಗೆ ಗೊತ್ತಿರದ ವಿದ್ಯೆಯಲ್ಲ. ಕ್ಯೂಬಾದ ಚಲನಚಿತ್ರ ಸಂಸ್ಥೆಯ ಪೋಸ್ಟರ್‌ಗಳು ಅಚ್ಚಾಗುತ್ತಿದ್ದದ್ದೇ ಆ ವಿಧಾನದಲ್ಲಿ. ಉಂಬೆರ್ತೊ ಸೊಲಾಸ್ ಅವರ ‘ಲೂಸಿಯಾ’ (1968) ಚಿತ್ರಕ್ಕೆ ಮಾರ್ತಿನೆಸ್ ಮಾಡಿದ ಪೋಸ್ಟರ್ ಇಂದಿಗೂ ಪ್ರಸಿದ್ಧ. ಆದರೂ ಹದಿನೈದು ಮಾರ್ತಿಗಳನ್ನು ಅವರು ಬರೆದದ್ದು ಕುಂಚದಿಂದ, ತೈಲವರ್ಣದಲ್ಲಿ. ಯಂತ್ರ ಮಾಡಬಹುದಾಗಿದ್ದ ಕೆಲಸವನ್ನು ಕೈಯಿಂದ ಹದಿನೈದು ಸಲ ಮಾಡಿದರು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ತಿದ್ದುವುದು’. ಮಗು ಒಂದೇ ಅಕ್ಷರವನ್ನು ಕೈಗೆ ಹತ್ತುವವರೆಗೂ ತಿದ್ದುತ್ತದೆ. ತಪ್ಪನ್ನು ಸರಿಪಡಿಸುವುದಕ್ಕೂ ನಾವು ಅದೇ ಮಾತನ್ನು ಬಳಸುತ್ತೇವೆ. ಹೀಗೆ ತಿದ್ದಿದ ಮುಖಗಳಲ್ಲಿ ಅಣಕಕ್ಕಿಂತ ಹೆಚ್ಚಾಗಿ ನನಗೆ ಈಗ ಕಾಣುವುದು, ಬಾಯಿಪಾಠವಾಗಿ ಸವೆದುಹೋದ ಒಂದು ಮುಖವನ್ನು ಮತ್ತೆ ಕಲಿಯುವ ಪ್ರಯತ್ನ.

ಹಾಗಾದರೆ ಅಣಕದ ಯೋಚನೆ ನನಗೆ ಬಂದದ್ದು ಎಲ್ಲಿಂದ? ಚಿತ್ರದಿಂದಲ್ಲ, ಚಿತ್ರಕಾರನ ಬದುಕಿನಿಂದ. ಮಾರ್ತಿನೆಸ್ ಸಲಿಂಗಕಾಮಿ. ನಾಟಕಕಾರ ಅಬೆಲಾರ್ದೊ ಎಸ್ತೊರಿನೊ ಅವರ ಬಾಳಸಂಗಾತಿ. 1965ರಿಂದ 1968ರವರೆಗೆ ಕ್ಯೂಬಾ ಸರ್ಕಾರ ಸಲಿಂಗಕಾಮಿಗಳನ್ನೂ ಧಾರ್ಮಿಕ ನಂಬಿಕೆಯುಳ್ಳವರನ್ನೂ ದುಡಿಮೆಯ ಶಿಬಿರಗಳಿಗೆ ಕಳಿಸುತ್ತಿತ್ತು. ಆ ದಶಕದಲ್ಲೇ ಮಾರ್ತಿನೆಸ್ ಪಾಠ ಹೇಳುವ ಕೆಲಸ ಕಳೆದುಕೊಂಡರು. ಕಾರಣ ಅವರ ಲೈಂಗಿಕತೆಯೇ. ಇಷ್ಟು ತಿಳಿದ ಮೇಲೆ, ಇಂಥ ಮನುಷ್ಯ ನಾಯಕರ ಮುಖಗಳನ್ನು ಮನಸಾರೆ ಬರೆದಿರಲು ಸಾಧ್ಯವೇ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನೋವುಂಡವರು ಗುಟ್ಟಿನಲ್ಲಾದರೂ ಪ್ರತಿಭಟಿಸಲೇಬೇಕು ಎಂಬ ನಿರೀಕ್ಷೆ ನನ್ನದು, ಅವರದಲ್ಲ. ಅವರ ಮೇಲೆ ಅದನ್ನು ಹೇರಿದರೆ, ಅವರ ಬಾಯಿಂದ ಮಾತು ಕಸಿದವರ ಸಾಲಿನಲ್ಲೇ ನಾನೂ ನಿಂತಂತೆ.

ಹಾಗೆಂದು ಇದು ಬರೀ ಪ್ರಚಾರದ ಕಲೆ ಎಂದು ತಳ್ಳಿಹಾಕಲೂ ಆಗುವುದಿಲ್ಲ. 1970ರ ‘ಇಸ್ಲಾ 70’ ಎಂಬ ದೊಡ್ಡ ಚಿತ್ರವನ್ನು ನೋಡಿ. ಒಂದು ಕೋಟಿ ಟನ್ ಸಕ್ಕರೆ ತೆಗೆಯುತ್ತೇವೆಂದು ಇಡೀ ದೇಶ ಕಬ್ಬಿನ ಗದ್ದೆಗೆ ಇಳಿದ ವರ್ಷ ಅದು; ಕೊನೆಗೆ ಸಿಕ್ಕಿದ್ದು ಸುಮಾರು 85 ಲಕ್ಷ ಟನ್. ಈ ಚಿತ್ರದಲ್ಲಿ ನಾಯಕರೂ ಹೆಸರಿಲ್ಲದ ಜನರೂ ಒತ್ತೊತ್ತಾಗಿ ನಿಂತಿದ್ದಾರೆ. ಎಲ್ಲರಿಗೂ ಅದೇ ಗಾಢ ಗೆರೆ, ಅದೇ ಚಪ್ಪಟೆ ಬಣ್ಣ. ಪ್ರಚಾರದ ಚಿತ್ರಕ್ಕೆ ನಾಯಕ ಎತ್ತರದಲ್ಲಿ ಬೇಕು. ಇಲ್ಲಿ ಆ ಎತ್ತರ ಕರಗಿಹೋಗಿದೆ. ಚಿತ್ರದ ಮಿತಿಯನ್ನೂ ಹೇಳಬೇಕು. ಕಬ್ಬು ಕಡಿದವರ ಸುಸ್ತು ಇಲ್ಲಿಲ್ಲ, ಬಣ್ಣಗಳ ಲವಲವಿಕೆ ಒಮ್ಮೊಮ್ಮೆ ಅತಿಯಾಗಿ ಸಿಹಿಯೆನಿಸುತ್ತದೆ. ಆದರೆ ಸಲಿಂಗಕಾಮಿಗಳು ಸಂಸ್ಕೃತಿಯ ಕ್ಷೇತ್ರದಲ್ಲಿ ದೇಶವನ್ನು ಪ್ರತಿನಿಧಿಸಬಾರದು ಎಂದು 1971ರಲ್ಲಿ ಶಿಕ್ಷಣ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಸಮಾವೇಶವೇ ಘೋಷಿಸಿತು. ಅದಕ್ಕೆ ಒಂದೇ ವರ್ಷ ಮೊದಲು, ಹೊರಗೆ ಹಾಕಿಸಿಕೊಂಡ ಒಬ್ಬ ಮನುಷ್ಯ ‘ನಾವೆಲ್ಲರೂ’ ಎಂಬುದನ್ನು ಹೀಗೆ ಬರೆದಿದ್ದರು. ದೇಶ ಹೇಗಿತ್ತು ಎಂಬ ವರದಿಯಾಗಿ ನೋಡಿದರೆ ಆ ಚಿತ್ರ ಸುಳ್ಳು. ಹೇಗಿರಬೇಕು ಎಂಬ ಹಕ್ಕಿನ ಮಾತಾಗಿ ನೋಡಿದರೆ ಅದಕ್ಕೆ ಇನ್ನೂ ಉತ್ತರ ಕೊಡಬೇಕಾಗಿದೆ.

ಕ್ಯೂಬಾ 1994ರಲ್ಲಿ ದೃಶ್ಯಕಲೆಗಾಗಿ ತನ್ನ ರಾಷ್ಟ್ರೀಯ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟಾಗ ಅದು ಸಂದದ್ದು ಮಾರ್ತಿನೆಸ್‌ಗೆ. ಮರುವರ್ಷ ಅವರು ತೀರಿಕೊಂಡರು. ಆತ್ಮಕಥನ ‘ಯೋ ಪುಬ್ಲಿಯೊ’ ಹೊರಬಂದದ್ದು ಅದಾದ ಮೇಲೆ.

ನನ್ನ ಅಧ್ಯಾಯದಲ್ಲಿ ಆ ಹಳೆಯ ವಾಕ್ಯವಿದ್ದ ಜಾಗದಲ್ಲಿ ಈಗ ಚಿತ್ರದ ವರ್ಣನೆಯಷ್ಟೇ ಇದೆ: ಎಷ್ಟು ಚೌಕ, ಯಾವ ಮುಖ, ಯಾವ ಮಾಧ್ಯಮ, ಯಾವ ವರ್ಷ. ಓದುವವರಿಗೆ ಅದು ಸಪ್ಪೆ ಎನಿಸಬಹುದು. ಆದರೆ ಅದರ ಪ್ರತಿಯೊಂದು ಮಾತನ್ನೂ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಲ್ಲೆ.