ಸ್ವರ್ಗಬ್ರಹ್ಮನ ಮೂಲೆಗಳು

ತುಂಗಭದ್ರೆಯ ಎಡದಂಡೆಯಲ್ಲಿರುವ ಅಲಂಪುರದ ನವಬ್ರಹ್ಮ ದೇಗುಲಗಳಿಗೆ ಹೋದ ಛಾಯಾಗ್ರಾಹಕರಲ್ಲಿ ಹಲವರು, ಗೋಡೆಯ ಬುಡದಲ್ಲಿಯೇ ನಿಂತು, ಕ್ಯಾಮರಾದ ಮುಖವನ್ನು ಆಕಾಶಕ್ಕೆತ್ತಿ, ತುದಿಯ ಆಮಲಕವು ಚೌಕಟ್ಟಿನೊಳಗೆ ಬಂದೊಡನೆ ತೃಪ್ತರಾಗಿ ಮರಳುವುದುಂಟು. ಹಾಗೆ ತೆಗೆದ ಚಿತ್ರದಲ್ಲಿ ಗೋಡೆಗಳು ಹಿಂದಕ್ಕೆ ವಾಲಿ, ಶಿಖರವು ಕುಗ್ಗಿ, ಶಿಲ್ಪಿಯು ಅಷ್ಟು ಶ್ರಮದಿಂದ ಸಾಧಿಸಿದ ಪ್ರಮಾಣವೇ ಕೆಟ್ಟುಹೋಗುತ್ತದೆ.

ಬಾದಾಮಿ ಚಾಲುಕ್ಯರ ಕಾಲದ ಈ ಗುಡಿಗಳಲ್ಲಿ, ವಿನಯಾದಿತ್ಯನ ಆಳ್ವಿಕೆಗೆ (681–696) ಸೇರಿದುದೆಂದು ಶಾಸನದಿಂದ ತಿಳಿದುಬರುವ ಸ್ವರ್ಗಬ್ರಹ್ಮ ದೇಗುಲವೇ ವಿನ್ಯಾಸದಲ್ಲಿ ಶ್ರೇಷ್ಠವೆಂದು ನನ್ನ ಮತ. ಗರ್ಭಗೃಹ, ಅದರ ಸುತ್ತಣ ಪ್ರದಕ್ಷಿಣಾಪಥ, ಮುಂದಣ ಮಂಟಪ ಇವೆಲ್ಲವನ್ನೂ ಒಂದೇ ದೀರ್ಘಚತುರಸ್ರದೊಳಗೆ ಅಡಗಿಸಿರುವುದರಿಂದ ತಗ್ಗಾಗಿ ಹರಡಿದ ಕಟ್ಟಡದ ಹಿಂಭಾಗದಲ್ಲಿ ನಾಗರ ಶೈಲಿಯ ರೇಖಾಶಿಖರವು ಏಕಾಕಿಯಾಗಿ ಮೇಲೇಳುತ್ತದೆ. ಆ ಹರಹಿಗೂ ಈ ಎತ್ತರಕ್ಕೂ ನಡುವೆ ಕಲಹವಿಲ್ಲ. ಪಟ್ಟದಕಲ್ಲಿನ ಪಾಪನಾಥದಲ್ಲಿಯಾದರೋ ಇದೇ ಬಗೆಯ ಶಿಖರವು ಅತಿದೀರ್ಘವಾದ ಒಡಲಿನ ಕೊನೆಯಲ್ಲಿ ಚಿಕ್ಕದಾಗಿ, ಬೇರೆಲ್ಲಿಂದಲೋ ತಂದಿರಿಸಿದಂತೆ ತೋರುತ್ತದೆ.

ಆದರೆ ಸ್ವರ್ಗಬ್ರಹ್ಮನ ಜಾಣ್ಮೆಯೆಲ್ಲ ಮೂಲೆಗಳಲ್ಲಿದೆ. ಗೋಡೆಯು ತಿರುಗುವಲ್ಲಿ ಕಣ್ಣು ಜಾರಿಹೋಗುವುದು ಸಹಜವಷ್ಟೆ. ಅಲ್ಲಿಯೇ ಶಿಲ್ಪಿಯು ದಿಕ್ಪಾಲಕರನ್ನು ನಿಲ್ಲಿಸಿ ದೃಷ್ಟಿಯನ್ನು ತಡೆದು, ಮುಂದಣ ಮುಖಕ್ಕೆ ಒಪ್ಪಿಸುತ್ತಾನೆ. ದಿಕ್ಕನ್ನು ಕಾಯುವವನು ದಿಕ್ಕಿನ ಮೂಲೆಯಲ್ಲಿರಬೇಕೆಂಬ ಶಾಸ್ತ್ರವೂ, ರಚನೆಗೆ ಅಲ್ಲೊಂದು ತೂಕ ಬೇಕೆಂಬ ಕಣ್ಣಿನ ಬಯಕೆಯೂ ಇಲ್ಲಿ ಒಂದೇ ಶಿಲ್ಪದಲ್ಲಿ ತೀರಿವೆ. ಮೂಲೆಗಳ ನಡುವೆ ಮುಂಚಾಚಿದ ದೇವಕೋಷ್ಠಗಳ ಬೆಳಕೂ ಜಾಲಂಧ್ರಗಳ ಕತ್ತಲೆಯೂ ಒಂದಾದಮೇಲೊಂದು ಬರುತ್ತವೆ. ಇಡೀ ಸಮುಚ್ಚಯಕ್ಕೆ ಈ ಹೊಗಳಿಕೆ ಸಲ್ಲದು: ಒಂಬತ್ತು ಗುಡಿಗಳೂ ಒಂದೇ ಅಕ್ಷಕ್ಕೆ ಹೊಂದಿಸಿ ಕಟ್ಟಿದವಲ್ಲ, ಒಂದರ ಮಗ್ಗುಲಿಗೆ ಇನ್ನೊಂದು ಬಂದು ನೋಟವನ್ನು ಅಡ್ಡಗಟ್ಟುವುದೂ ಉಂಟು.

ಗುಡಿಯು ಪೂರ್ವಾಭಿಮುಖವಾದುದರಿಂದ ಬೆಳಗಿನ ಬಿಸಿಲು ಮುಖಮಂಟಪದ ಮೇಲೆ ನೇರವಾಗಿ ಬಿದ್ದು, ಕಂಬಗಳ ಕೆತ್ತನೆಯನ್ನು ಚಪ್ಪಟೆಯಾಗಿಸುತ್ತದೆ. ಆದಕಾರಣ ಅಲ್ಲಿಗೆ ಹೋಗುವ ವಾಚಕರು ಚಳಿಗಾಲದ ಇಳಿಹೊತ್ತನ್ನು ಆರಿಸಿಕೊಂಡು, ನೈಋತ್ಯದ ಮೂಲೆಗೆ ಎದುರಾಗಿ, ಎರಡು ಗೋಡೆಗಳೂ ಶಿಖರವೂ ಒಟ್ಟಿಗೆ ಕಾಣುವಷ್ಟು ಹಿಂದೆ ಸರಿದು ನಿಲ್ಲಲಿ. ಕ್ಯಾಮರಾವನ್ನು ಆ ಬಳಿಕ ಚೀಲದಿಂದ ತೆಗೆದರಾಯಿತು.